ಮೂಷ್ಕಾಳ ಇನ್ನೆರಡು ಬೆರಳು

“ಉಂಗುರಬೆರಳು ತೆಗಿ,” ಎಂದರು ಪಿಟ್ಸೋ ಮಾವ. “ಕಿರುಬೆರಳೂ ಬೇಡ. ಎರಡನ್ನೂ ಮಡಚ್ಕೊ.”

“ಮಡಚಿದ್ರೆ ತಂತಿ ಒತ್ತೋದು ಯಾವುದ್ರಲ್ಲಿ ಮಾವ?” ಎಂದಳು ಮೂಷ್ಕಾ.

“ತೋರುಬೆರಳು, ನಡುಬೆರಳು. ಜಾಂಗೋ ನುಡಿಸ್ತಿದ್ದಿದ್ದು ಹಾಗೇ.”

ಮೂಷ್ಕಾ ಎಡಗೈಯನ್ನು ಮಾವನ ಮೂಗಿನ ಮುಂದೆ ಹಿಡಿದಳು. ಗಾಡಿಮನೆಯನ್ನು ಕಾರಿಗೆ ಜೋಡಿಸುವ ಕೊಂಡಿಗೆ ಸಿಕ್ಕಿ, ಕಳೆದ ಚಳಿಗಾಲದಲ್ಲಿ ಜಜ್ಜಿಹೋಗಿದ್ದು ಅದೇ ಎರಡು ಬೆರಳು. ಗಾಯ ಮಾಯ್ದಿತ್ತು. ಬೆರಳು ಮಾತ್ರ ಕಡ್ಡಿಯ ಹಾಗೆ ಸೆಟೆದು ನಿಂತಿದ್ದವು.

“ಅವರಿಗೆ ಸುಟ್ಟಿದ್ದು ಕಿರುಬೆರಳಿನ ಕಡೇದು. ನಂಗೆ ಹೋಗಿದ್ದು ಹೆಬ್ಬೆರಳಿನ ಕಡೇದು. ಅವರ ಹಾಗೆ ಹೇಗೆ ನುಡಿಸ್ಲಿ?”

“ಪ್ರಾಕ್ಟೀಸ್ ಮಾಡು, ಬಗ್ಗತ್ತೆ.”

ನದಿಯ ದಂಡೆಯ ಮೇಲೆ ನಿಂತ ಆ ಗಾಡಿಮನೆಗಳಲ್ಲಿ ಜಾಂಗೋ ಕತೆ ಗೊತ್ತಿಲ್ಲದ ಮಗುವೇ ಇಲ್ಲ. ಅವರೂ ತಮ್ಮ ಹಾಗೇ ಗಾಡಿಮನೆಯಲ್ಲಿ ಊರೂರು ಅಲೆಯುವ ಮಾನೂಷ್ ಜನ. ಹದಿನೆಂಟರ ಹರೆಯದಲ್ಲಿ ಗಾಡಿಮನೆಗೆ ಬೆಂಕಿ ಬಿದ್ದು ಎರಡು ಬೆರಳು ಸೊಟ್ಟಗಾದವು. ಉಳಿದೆರಡರಲ್ಲೇ ಅವರು ಗಿಟಾರ್ ನುಡಿಸಿ ಜಗತ್ತನ್ನೇ ಕುಣಿಸಿದರು. ಅದಕ್ಕೇ ಇಲ್ಲಿಯ ಹುಡುಗರು ನಾಲ್ಕೂ ಬೆರಳು ಗಟ್ಟಿಮುಟ್ಟಾಗಿದ್ದರೂ ಎರಡನ್ನು ಮಡಚಿಕೊಂಡೇ ನುಡಿಸುವುದು. ಮಾವನ ಮಗ ಯಾರ್ಕೋ ಅಂತೂ ಆ ಎರಡಕ್ಕೆ ಟೇಪ್ ಸುತ್ತಿಕೊಂಡಿದ್ದ. ಅದನ್ನು ನೋಡಿ ಮೂಷ್ಕಾಳಿಗೆ ಮೈಯೆಲ್ಲ ಉರಿಯಿತು.

“ಅಪ್ಪಾ, ಇವಳ ಕೈಲಿ ಆಗಲ್ಲ,” ಎಂದ ಯಾರ್ಕೋ. “ಗಿಟಾರ್ ನಂಗೇ ಕೊಟ್ಬಿಡು.”

ಮಕ್ಕಳಿಗೆಂದು ಇದ್ದದ್ದು ಅದೊಂದೇ ಗಿಟಾರು. ಮಾವ ಗಡ್ಡ ಕೆರೆದುಕೊಂಡರು.

“ಭಾನುವಾರ ಲೋಲೋ ತಾತ ಪಿಟೀಲು ತಗೊಂಡು ಬರ್ತಾರೆ. ಅವರ ಜೊತೆ ಒಂದು ಹಾಡು ಪೂರ್ತಿ ತಾಳ ಹಿಡಿ, ಗಿಟಾರ್ ನಿಂದು. ನಡುವೆ ನಿಲ್ಸಿದ್ರೆ ಇವಂದು.”

“ಹಿಡೀತೀನಿ. ಆದ್ರೆ ನನ್ನ ಥರಾನೇ ಹಿಡಿಯೋದು.”

“ನಿನ್ನ ಥರ ಅಂತ ಏನೂ ಇಲ್ಲ ಕಣೆ. ದೊಡ್ಡೋರ ಕೈ ನೋಡ್ಬೇಕು, ಕಲೀಬೇಕು.”

ಅಲ್ಲಿ ಪಾಠವಿಲ್ಲ, ಪುಸ್ತಕವಿಲ್ಲ. ಎದುರಿಗೆ ಕೂತು ನೋಡುವುದೇ ಕಲಿಕೆ. ಆದರೆ ಮೂಷ್ಕಾಳದಂಥ ಕೈ ಅಲ್ಲಿ ಇನ್ನೊಂದಿರಲಿಲ್ಲ. ಅವಳು ಒಣಹಾಕಿದ ಬಟ್ಟೆಗಳ ಹಿಂದೆ ಒಬ್ಬಳೇ ಕೂತಳು. ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಿಂದ ತಂದು ದಪ್ಪ ತಂತಿ ಒತ್ತಿದಳು. ಉಳಿದ ತಂತಿಗಳಿಗೆ ಉಂಗುರಬೆರಳು, ಕಿರುಬೆರಳು. ಪಾತ್ರೆ ಉರುಳಿದಂತೆ ಸದ್ದಾಯಿತು. ಕಿರುಬೆರಳು ಜಾರಿತು, ಮತ್ತೆ ಜಾರಿತು.

“ಬಿಡು ಮಗಳೇ,” ಎಂದಳು ಬಟ್ಟೆ ತೆಗೆಯಲು ಬಂದ ಅಮ್ಮ. “ಹಾಡು ಹೇಳು. ಅದಕ್ಕೆ ಬೆರಳು ಬೇಕಾಗಲ್ಲ.”

“ನಂಗೆ ಹಾಡೋದು ಬೇಡ. ನುಡಿಸ್ಬೇಕು.”

ಅಮ್ಮ ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಊಟವಾದ ಮೇಲೆ ಎಲ್ಲರೂ ಹೊರಗೆ ಕುರ್ಚಿ ಹಾಕಿಕೊಂಡರು. ಲೋಲೋ ತಾತ ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡು ಶುರು ಮಾಡೇಬಿಟ್ಟರು. ಮೂಷ್ಕಾ ಹಿಂದಿನಿಂದ ಚಕ್-ಚಕ್, ಚಕ್-ಚಕ್ ಎಂದು ತಾಳ ಹಿಡಿದಳು. ಮಾವ ಅವಳ ಬೆರಳು ನೋಡಿ ಹುಬ್ಬು ಗಂಟಿಕ್ಕಿದರು. ಮೂಷ್ಕಾ ಅವರಿಗೆ ಕೈ ಕಾಣದಂತೆ ಕುರ್ಚಿಯಲ್ಲೇ ಆ ಕಡೆ ತಿರುಗಿ ಕೂತಳು.

ಅರ್ಧ ಹಾಡಿಗೆ ಕಿರುಬೆರಳು ಜಾರಿತು. ಯಾರ್ಕೋ ಕಿಸಕ್ಕನೆ ನಕ್ಕು ಗಿಟಾರಿಗೆ ಕೈಚಾಚಿದ.

“ಮುಟ್ಟಿದ್ರೆ ನೋಡು,” ಎಂದಳು ಮೂಷ್ಕಾ. ಬಲಗೈ ನಿಲ್ಲಲೇ ಇಲ್ಲ. ಮುಂದಿನ ಹಿಡಿತಕ್ಕೆ ಬೆರಳು ಸರಿಯಾಗಿ ಕೂತವು.

ತಾತ ಬೇಕೆಂದೇ ವೇಗ ಹೆಚ್ಚಿಸಿದರು. ಹೆಬ್ಬೆರಳು ಕೆಂಡ ಮುಟ್ಟಿದಂತೆ ಉರಿಯಿತು. ಮೂಷ್ಕಾ ಹಲ್ಲು ಕಚ್ಚಿ ಪಿಟೀಲಿನ ಬೆನ್ನುಬಿದ್ದಳು. ಪಿಟೀಲು ನಿಂತ ಮೇಲೆಯೇ ಗಿಟಾರು ನಿಂತಿದ್ದು.

“ಯಾರನ್ನ ನೋಡಿ ಕಲಿತೆ ಪುಟ್ಟಿ?” ಎಂದರು ತಾತ.

ಅಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಅಪ್ಪನದೋ ಮಾವನದೋ ಹೆಸರು ಹೇಳಬೇಕು. ಪಿಟ್ಸೋ ಮಾವ ಆಗಲೇ ಕಾಲರ್ ಸರಿಮಾಡಿಕೊಂಡಿದ್ದರು.

“ಯಾರನ್ನೂ ಇಲ್ಲ ತಾತ.”

ಮಾವನ ಮುಖ ಕೆಂಪಾಯಿತು. “ನೋಡಿ, ಎಷ್ಟು ಹೇಳಿದ್ರೂ ಜಾಂಗೋ ಥರ ಹಿಡಿಯಲ್ಲ ಇವಳು.”

ಮೂಷ್ಕಾ ತನ್ನ ಊದಿದ ಹೆಬ್ಬೆರಳನ್ನು ನೋಡಿಕೊಂಡಳು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಕೂತ ಹದಿನೆಂಟರ ಹುಡುಗನೊಬ್ಬ ಅವಳ ಕಣ್ಣಮುಂದೆ ಬಂದ. ಅವನ ಎದುರಿಗೆ ಯಾರೂ ಕೂತಿರಲಿಲ್ಲ.

“ಮಾವ,” ಎಂದಳು ಮೆಲ್ಲಗೆ, “ಕೈ ಸುಟ್ಟ ಮೇಲೆ ಜಾಂಗೋ ಯಾರ ಕೈ ನೋಡಿ ಕಲಿತ್ರು?”

ಮಾವ ತಮ್ಮ ಗಿಟಾರನ್ನು ಎತ್ತಿಕೊಂಡು, ಸರಿಯಾಗಿಯೇ ಇದ್ದ ತಂತಿಯನ್ನು ಸುಮ್ಮನೆ ಮತ್ತೆ ಶ್ರುತಿ ಮಾಡಿದರು.

“ಇನ್ನೊಂದು ಹಾಡು ಆಗಲಿ,” ಎಂದರು ಕೊನೆಗೆ, ತಲೆಯೆತ್ತದೆ. “ಮೂಷ್ಕಾ, ನೀನು ಶುರು ಮಾಡು. ನಿನ್ನ ಹಿಂದೆ ನಾವು ಬರ್ತೀವಿ.”