ಚಕ್ಕುಲಿಯ ಮೊಣಕೈ, ತಾತನ ತಿಥಿ

ಡಾಕ್ಟರ್ ಕಶ್ಯಪ್ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಮೈತ್ರೇಯಿಗೆ.

ಅವಳ ನಾಯಿ ಚಕ್ಕುಲಿ ಕಾಂಪೌಂಡ್ ಹಾರಲು ಹೋಗಿ ಮುಂಗಾಲಿನ ಮೊಣಕೈ ಕೀಲು ಮುರಿದುಕೊಂಡಿದ್ದ. ಚಾಮರಾಜಪೇಟೆಯ ಈ ಪುಟ್ಟ ಕ್ಲಿನಿಕ್ಕಿನಲ್ಲಿ ಕಶ್ಯಪ್ ಆಪರೇಷನ್ ಮಾಡಿ, ಸ್ಕ್ರೂ ಹಾಕಿ ಕೂಡಿಸಿದ್ದ. ಕೀಲಿಗೆ ಅವನು ಕೈ ಹಾಕಿದ್ದು ಅದೇ ಮೊದಲು. ಮೂಳೆ ಕೂಡುವ ತನಕ ಮೆಟ್ಟಿಲು ಹತ್ತಿಸಬೇಡಿ, ಹಾರಲು ಬಿಡಬೇಡಿ ಎಂದು ಸಾರಿ ಸಾರಿ ಹೇಳಿದ್ದ. ಕೀಲು ಬಿಗಿಯದಂತೆ ಕಾಲನ್ನು ಮೆಲ್ಲಗೆ ಮಡಿಸಿ ಬಿಡಿಸುವುದನ್ನು ಕಲಿಸುವಾಗ ಅವಳ ಕೈಯ ಮೇಲೆ ತನ್ನ ಕೈಯಿಟ್ಟವನು, ಪಾಠ ಮುಗಿದರೂ ತೆಗೆಯಲು ಮರೆತಿದ್ದ. ಅವಳೂ ನೆನಪಿಸಲಿಲ್ಲವೆನ್ನಿ.

"ಸ್ಕ್ರೂ ಬಾಗಿದೆ, ಮೂಳೆ ಮತ್ತೆ ಬಿಟ್ಕೊಂಡಿದೆ," ಎಂದ ಕೊನೆಗೆ. "ನಾನೇ ಸರಿಯಾಗಿ ಕೂರಿಸಿಲ್ಲ. ಬೇರೆ ಡಾಕ್ಟರ್ ಹತ್ರ ಮಾಡ್ಸಿ. ನಾನಿನ್ನು ಆಪರೇಷನ್‌ಗೆ ಕೈ ಹಾಕಲ್ಲ."

ಎಂಥ ಪಾಪ! ಅವನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಮೊನ್ನೆ ತಾತನ ತಿಥಿ. ಶ್ರಾದ್ಧದ ದಿನ ನಾಯಿ ಮನೆಯೊಳಗಿದ್ದರೆ ಅಜ್ಜಿ ಜಾನಕಮ್ಮನ ಮಡಿ ಉಳಿದೀತೇ? ಪಕ್ಕದ ಮನೆಯವರನ್ನು ಕೇಳಲು ಸಂಕೋಚಪಟ್ಟು ಮೈತ್ರೇಯಿ ಚಕ್ಕುಲಿಯನ್ನು ಮೆಟ್ಟಿಲು ಹತ್ತಿಸಿ ಟೆರೇಸಿನಲ್ಲಿ ಕಟ್ಟಿದಳು. ಅಪ್ಪ ಕಾಗೆಗೆ ಪಿಂಡ ಇಟ್ಟು ಕೆಳಗಿಳಿದರು. ಕಾಗೆ ಬಂತು. ಚಕ್ಕುಲಿ ಹಗ್ಗ ಕಿತ್ತುಕೊಂಡು ಒಂದೇ ನೆಗೆತ ನೆಗೆದ. ಕಾಗೆ ಹಾರಿಹೋಯಿತು, ಪಿಂಡ ಅವನ ಹೊಟ್ಟೆ ಸೇರಿತು. ಕೆಳಗೆ ಪುರೋಹಿತರು ಹಸಿದು ಕಾಯುತ್ತಿದ್ದರು. ಕಾಗೆ ಮುಟ್ಟಿತಾ ಎಂದು ಅಜ್ಜಿ ಕೂಗಿ ಕೇಳಿದಾಗ ಇವಳು ಹ್ಞೂ ಅಂದುಬಿಟ್ಟಳು. ಮರುದಿನ ನಾಯಿ ಕುಂಟುವುದನ್ನು ಕಂಡು ಕಶ್ಯಪ್ ವಿಚಾರಿಸಿದಾಗಲೂ, ರೂಮು ಬಿಟ್ಟು ಕದಲಿಲ್ಲ ಎಂದು ಇನ್ನೊಂದು ಸುಳ್ಳು.

ಈಗ ಅವನ ಸೋತ ಮುಖ ನೋಡಲಾರದೆ, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಕಿವಿಯವರೆಗೂ ನಾಚಿಕೆ ಸುಡುತ್ತಿತ್ತು.

"ನಿನ್ನೆ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನಾನು," ಎಂದ ಅವನು. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ.

"ನೀವು ಕೆಟ್ಟದಾಗಿ ಅಂದ್ಕೋತೀರಿ ಅಂತ ಹೆದರಿ ಮುಚ್ಚಿಟ್ಟೆ. ನೀವೇ ಮತ್ತೆ ಆಪರೇಷನ್ ಮಾಡಿ. ನಿಮ್ಮ ಕೈ ಬಿಟ್ಟು ಬೇರೆಯವರಿಗೆ ಕೊಡಲ್ಲ ಇವನನ್ನ."

ಕಶ್ಯಪ್ ಎಕ್ಸ್‌ರೇಯನ್ನು ಮತ್ತೊಮ್ಮೆ ನೋಡಿದ. ಆಮೇಲೆ, ತಾತನಿಗೆ ನಾಯಿ ಅಂದರೆ ಇಷ್ಟವಿತ್ತಾ ಎಂದು ಕೇಳಿದ. ಇವನನ್ನು ಮರಿಯಿದ್ದಾಗ ತಂದವರೇ ತಾತ ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

"ಹಾಗಾದ್ರೆ ಪಿಂಡ ತಲುಪಿದೆ ಬಿಡಿ. ನಾಳೆ ಆಪರೇಷನ್ ಮಾಡ್ತೀನಿ." ಅವನು ಚಕ್ಕುಲಿಯ ತಲೆ ಸವರುತ್ತ, ಅವಳತ್ತ ನೋಡದೆ ಮುಂದುವರಿಸಿದ. "ಮುಂದಿನ ತಿಥಿಗೆ ಇವನು ನಮ್ಮನೇಲೇ ಇರ್ಲಿ. ನೀವೊಬ್ರೇ ತವರುಮನೆಗೆ ಹೋಗಿ, ಊಟ ಮುಗಿಸ್ಕೊಂಡು ಸಂಜೆ ವಾಪಸ್ ಬಂದ್ಬಿಡಿ."

ಮಾತು ತಲೆಗಿಳಿಯಲು ಅವಳಿಗೆ ಕೊಂಚ ಹೊತ್ತು ಹಿಡಿಯಿತು. ಇಳಿದ ಮೇಲೆ ಮುಖವೆತ್ತಿ ಅವನನ್ನು ನೋಡಿದಳು.

"ಅಜ್ಜಿಗೆ ಈಗ ಎರಡು ವಿಷಯ ಹೇಳ್ಬೇಕು. ಯಾವುದು ಮೊದ್ಲು?"

"ಪಿಂಡದ್ದು," ಎಂದ ಕಶ್ಯಪ್. "ಬೈದು ಮುಗಿಸ್ಲಿ. ಆಮೇಲೆ ನಾನೇ ಬಂದು ನಂದು ಹೇಳ್ತೀನಿ."