ನೆಟ್‌ವರ್ಕ್ ಪ್ರಾಬ್ಲಂ, ಮೇಡಂ

ಆ ಸಾಲು ಹೋಗಬೇಕಿದ್ದದ್ದು ತಂಗಿಗೆ. ಹೋಗಿದ್ದು ಎಲ್ಲರಿಗೂ.

ಆನ್‌ಲೈನ್ ಪಾಠ ಮಾಡುವ ಟೀಚರ್‌ಗಳ ತರಬೇತಿಯ ಮೊದಲ ದಿನ ಅದು. "ತಂತ್ರಜ್ಞಾನ ಬಳಸೋದ್ರಲ್ಲಿ ನಿಮ್ಮ ಸ್ವಂತ ಕಲಿಕೆಯ ಗುರಿ ಏನು? ಒಂದೇ ಸಾಲು, ಚಾಟ್‌ನಲ್ಲಿ ಹಾಕಿ" ಅಂದಿದ್ದ ತರಬೇತಿ ಕೊಡುವವನು. ಮಾತಿಗೊಂದು ಲಿಂಕ್ ಕಳಿಸುತ್ತಿದ್ದರಿಂದ ಅರ್ಧ ಗಂಟೆಯೊಳಗೆ ಅವನಿಗೆ ಲಿಂಕ್ ಸರ್ ಅಂತ ಹೆಸರು ಬಿದ್ದಾಗಿತ್ತು.

ಒಬ್ಬರು ವೈಟ್‌ಬೋರ್ಡ್ ಕಲಿಯೋದು ಅಂದರು. ಇನ್ನೊಬ್ಬರು ಕ್ವಿಜ್ ಮಾಡೋದು ಅಂದರು. ಗಣಿತದ ಮೇಡಂ ಮಾತ್ರ ಬರೆದಳು: "ನನ್ನ ಗುರಿ, ಈ ಸರ್‌ನ ಒಂದ್ಸಲ ನಗಿಸೋದು. ಮುಖಾನೂ ಇಸ್ತ್ರಿ ಮಾಡ್ಕೊಂಡು ಬಂದಿದ್ದಾರೆ ಪಾಪ."

ಪಕ್ಕದ ರೂಮಿನಲ್ಲಿ ಅದೇ ತರಬೇತಿಗೆ ಕೂತಿದ್ದ ನರ್ಸರಿ ಟೀಚರ್ ತಂಗಿ ಎದ್ದೂ ಬಿದ್ದೂ ಓಡಿ ಬಂದಳು.

"ಅಕ್ಕಾ! ಎಲ್ರಿಗೂ ಹೋಗಿದೆ ಕಣೇ! ಹೆಡ್ ಮೇಡಂ ಕೂಡ ಇದ್ದಾರೆ ಅಲ್ಲಿ!"

ಲಿಂಕ್ ಸರ್ ಅದನ್ನು ಓದಿದ. ಕನ್ನಡಕ ಮೇಲಕ್ಕೆ ತಳ್ಳಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಗುರಿ ಅಂದ್ರೆ ಅಳೆಯೋಕೆ ಬರಬೇಕು. ಮೇಡಂ 'ಒಂದ್ಸಲ' ಅಂತ ಬರೆದಿದ್ದಾರೆ. ಒಳ್ಳೇದು. ಆದ್ರೆ ಗಡುವು ಹಾಕಿಲ್ಲ. ಯಾವತ್ತಿನೊಳಗೆ, ಮೇಡಂ?"

ಅವಳ ಕಿವಿ ಎರಡೂ ಕಾದ ಹೆಂಚಾದವು. "ತರಬೇತಿ... ಮುಗಿಯೋದ್ರೊಳಗೆ, ಸರ್."

"ಆಗಲಿ." ಅಷ್ಟರಲ್ಲಿ ಪರದೆಯ ಮೇಲೆ ಅವನ ಚೌಕ ಕಪ್ಪಾಯಿತು. ಸ್ವಲ್ಪ ಹೊತ್ತಾದ ಮೇಲೆ ದನಿ ಮಾತ್ರ ಬಂತು. "ಕ್ಷಮಿಸಿ. ನೆಟ್‌ವರ್ಕ್ ಪ್ರಾಬ್ಲಂ."

ಅವಳ ನಿಜವಾದ ಗುರಿ ತಮಾಷೆಯದಾಗಿರಲಿಲ್ಲ. ಕ್ಲಾಸು ಶುರುವಾದರೆ ಎದುರಿಗೆ ಸಾಲು ಸಾಲು ಕಪ್ಪು ಚೌಕ. "ಎಲ್ಲರಿಗೂ ಕೇಳಿಸ್ತಿದೆಯಾ?" ಅಂದರೆ ಎಲ್ಲಿಂದಲೋ ಒಂದು "ಎಸ್ ಮೇಡಂ". ಆಮೇಲೆ ಬಾವಿಗೆ ಕಲ್ಲು ಹಾಕಿದರೂ ಸದ್ದು ಬರದಂಥ ಮೌನ. ತರಬೇತಿಯ ಕೊನೆಗೆ ಒಂದು ಮಾದರಿ ಪಾಠ ಇತ್ತು. ಅವತ್ತೂ ಮಕ್ಕಳು ಬಾಯಿ ಬಿಡದಿದ್ದರೆ ಮುಂದಿನ ವರ್ಷದಿಂದ ರೆಕಾರ್ಡ್ ಮಾಡಿದ ವಿಡಿಯೋ ಪಾಠ, ಅವಳಿಗೆ ಬರೀ ಉತ್ತರಪತ್ರಿಕೆ ತಿದ್ದುವ ಕೆಲಸ. ಹೆಡ್ ಮೇಡಂ ಅದನ್ನು ಮೆತ್ತಗೇ ಹೇಳಿದ್ದರು. ಮೆತ್ತಗೆ ಹೇಳಿದ್ದಕ್ಕೇ ಅವಳಿಗೆ ಹೆಚ್ಚು ಭಯವಾಗಿತ್ತು.

ಹಾಗಾಗಿ ದಿನಾ ಸಂಜೆ ಲಿಂಕ್ ಸರ್ ಹತ್ತಿರ ವಿಡಿಯೋ ಕಾಲ್‌ನಲ್ಲಿ ಅವಳೊಬ್ಬಳಿಗೇ ಪಾಠ.

"ಸ್ಕ್ರೀನ್ ಶೇರ್ ಮಾಡಿ, ಮೇಡಂ."

"ಆ ಬಟನ್ ಇಲ್ಲೇ ಇತ್ತು ಸರ್. ತವರಿಗೆ ಹೋಗಿರಬೇಕು."

ಕಪ್ಪು ಚೌಕ. "ನೆಟ್‌ವರ್ಕ್ ಪ್ರಾಬ್ಲಂ, ಮೇಡಂ."

ಛೆ, ಇಂಥ ಒಳ್ಳೊಳ್ಳೆ ಜೋಕೆಲ್ಲ ಅವನ ಹಾಳು ಇಂಟರ್ನೆಟ್ಟಿಗೇ ಬಲಿಯಾಗುತ್ತಿತ್ತು! ಆದರೆ ಚೌಕ ಮತ್ತೆ ಬೆಳಗಿದಾಗ ಅವನ ಕಣ್ಣಂಚು ಯಾಕೋ ಒದ್ದೆ ಇರುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಕನ್ನಡಕ ಇಲ್ಲದ ಆ ಮುಖ ಆಗ ತಾನೇ ನಿದ್ದೆಯಿಂದ ಎದ್ದ ಹಾಗೆ ಕಾಣುತ್ತಿತ್ತು. ಅದೊಂದು ಕ್ಷಣಕ್ಕಾಗಿ ಅವಳು ಇಡೀ ದಿನ ಕಾಯತೊಡಗಿದಳು.

ಕಾಯುವವರಿಗೆ ಕಲಿತು ಮುಗಿಸುವ ಅವಸರ ಇರುತ್ತದೆಯೇ?

ಬ್ರೇಕ್‌ಔಟ್ ರೂಮ್ ಅಂತ ಒಂದಿತ್ತು. ಮಕ್ಕಳನ್ನು ಸಣ್ಣ ಸಣ್ಣ ಗುಂಪು ಮಾಡಿ ಬೇರೆ ಬೇರೆ ಕೋಣೆಗೆ ಕಳಿಸಿ, ಅವರವರೇ ಮಾತಾಡಿಕೊಂಡು ವಾಪಸ್ ಬರುವ ಹಾಗೆ ಮಾಡುವುದು. ಅವಳಿಗೆ ಅದು ಒಂದೇ ಸಂಜೆಗೆ ಬಂದುಬಿಟ್ಟಿತ್ತು. ಮರುದಿನ ಸಂಜೆ ಮರೆತುಹೋಯಿತು. ಅದರ ಮರುದಿನವೂ.

"ಅಕ್ಕಾ, ಮಧ್ಯಾಹ್ನ ತಾನೇ ಇದನ್ನ ನಂಗೆ ಹೇಳಿಕೊಟ್ಟೆ ನೀನು!" ಬಾಗಿಲಲ್ಲಿ ನಿಂತು ತಂಗಿ ಪಿಸುಗುಟ್ಟಿದಳು.

"ಶ್! ಹೋಗೇ."

"ಓಹೋ. ಲಿಂಕ್ ಸರ್ ಜೊತೆ ಲಿಂಕಾ?"

ದಿಂಬು ಹಾರಿತು. ತಂಗಿ ತಪ್ಪಿಸಿಕೊಂಡಳು.

ಮಾದರಿ ಪಾಠದ ಹಿಂದಿನ ದಿನ ತಂಗಿಯೇ ನಗು ಬಿಟ್ಟು ಕೇಳಿದಳು. "ನಾಳೆ ಏನ್ ಮಾಡ್ತೀಯಾ? ಎಲ್ಲಾ ಬರುತ್ತೆ ಅಂತ ತೋರಿಸಿಬಿಟ್ರೆ ಆ ಮನುಷ್ಯ ಇನ್ಯಾಕೆ ಫೋನ್ ಮಾಡ್ತಾನೆ? ಬರಲ್ಲ ಅಂದ್ರೆ ಮಕ್ಕಳು ಕೈ ತಪ್ಪಿ ಹೋಗ್ತಾರೆ."

ಈ ಸಲ ಅವಳು ದಿಂಬು ಎಸೆಯಲಿಲ್ಲ. ಅದೇ ಪ್ರಶ್ನೆಯನ್ನು ಬೆಳಗಿನಿಂದ ಅವಳೂ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಮಾದರಿ ಪಾಠದ ದಿನ ಲಿಂಕ್ ಸರ್ ತಾನೇ ಶಾಲೆಗೆ ಬಂದ. ಭುಜದ ತನಕ ಮಾತ್ರ ಇದ್ದ ಮನುಷ್ಯನಿಗೆ ಕೈ ಕಾಲುಗಳೂ ಇದ್ದವು! ಕಾರಿಡಾರಿನಲ್ಲಿ ಎದುರಾದಾಗ ಅವಳು ಅವನ ಷೂ ಲೇಸನ್ನೇ ನೋಡುತ್ತ ನಮಸ್ಕಾರ ಹೇಳಿದಳು. ಅವಳು ಖಾಲಿ ಕ್ಲಾಸ್‌ರೂಮಿನಿಂದ ಆನ್‌ಲೈನ್ ಪಾಠ ಮಾಡುವುದು, ತೊಂದರೆಯಾಗದಿರಲಿ ಅಂತ ಅವನೂ ಹೆಡ್ ಮೇಡಮ್ಮೂ ಪಕ್ಕದ ಲೈಬ್ರರಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲೇ ಪಾಠ ನೋಡುವುದೆಂದಾಯಿತು. ನಡುವೆ ಒಂದು ತೆಳು ಪ್ಲೈವುಡ್ ಗೋಡೆ.

"ಎಲ್ಲರಿಗೂ ಕೇಳಿಸ್ತಿದೆಯಾ?"

ಮೌನ. ಕಪ್ಪು ಚೌಕಗಳು. ಅವುಗಳ ಮಧ್ಯೆ ಬೆಳಕಿದ್ದ ಒಂದೇ ಚೌಕದಲ್ಲಿ ಅವನ ಮುಖ.

ಅವಳ ಬೆರಳು ಬ್ರೇಕ್‌ಔಟ್ ರೂಮ್ ಬಟನ್ ಮೇಲೆ ಬಂದು ನಿಂತಿತು. ನಿನ್ನೆ ಸಂಜೆಯಷ್ಟೇ "ಇದೆಲ್ಲಿದೆ ಸರ್?" ಅಂತ ಕೇಳಿದ್ದ ಬಟನ್. ಒಂದು ಉಸಿರು ಎಳೆದುಕೊಂಡು ಒತ್ತಿದಳು.

ಮಕ್ಕಳು ಗುಂಪು ಗುಂಪಾಗಿ ಹೋದರು. ಅವಳು ಕೋಣೆಯಿಂದ ಕೋಣೆಗೆ ನೀರಿನಲ್ಲಿ ಮೀನಿನಂತೆ ಓಡಾಡಿದಳು. ವಾಪಸ್ ಬಂದ ಮಕ್ಕಳ ಬಾಯಿಗೆ ಬೀಗ ಇರಲಿಲ್ಲ. ವರ್ಷವಿಡೀ ಮಾತಾಡದ ಒಬ್ಬ ಹುಡುಗಿ ಮಾತ್ರ ಈಗಲೂ ಸುಮ್ಮನಿದ್ದಳು.

"ಪುಟ್ಟಿ, ಎಕ್ಸ್ ಬೆಲೆ ಹೇಳ್ತೀಯಾ? ಇಲ್ಲಾಂದ್ರೆ ನಾನು ಹಾಡ್ತೀನಿ. ನಾನು ಹಾಡಿದ್ರೆ ವೈಫೈ ಕೂಡ ಮನೆ ಬಿಟ್ಟು ಓಡಿಹೋಗುತ್ತೆ, ನೋಡು."

"ಏಳು, ಮೇಡಂ!" ಎಂದಿತು ಒಂದು ಸಣ್ಣ ದನಿ ಗಾಬರಿಯಲ್ಲಿ. "ಎಕ್ಸ್ ಅಂದ್ರೆ ಏಳು! ದಯವಿಟ್ಟು ಹಾಡ್ಬೇಡಿ!"

ಅವನ ಚೌಕ ತಟ್ಟನೆ ಕಪ್ಪಾಯಿತು.

ಅದೇ ಕ್ಷಣ ಪ್ಲೈವುಡ್ಡಿನ ಆಚೆಯಿಂದ ಒಂದು ನಗು ಸಿಡಿಯಿತು. ಕುಕ್ಕರ್ ಸೀಟಿಯಂಥ, ಉಸಿರು ಸಿಕ್ಕಿಕೊಂಡು ಮತ್ತೆ ಮೇಲೇಳುವ, ತಡೆಯಲಾರದ ನಗು.

ಅವಳು ಗೋಡೆಯನ್ನೇ ನೋಡುತ್ತ ಕೂತಳು. ಹಾಗಾದರೆ ಅಷ್ಟು ದಿನದ ನೆಟ್‌ವರ್ಕ್ ಪ್ರಾಬ್ಲಂ ಎಲ್ಲಾ...?

ಪಾಠ ಮುಗಿಯಿತು. ಹೆಡ್ ಮೇಡಂ ಬಾಗಿಲಲ್ಲಿ ಇಣುಕಿ, "ಆ ವಿಡಿಯೋ ವಿಷಯ ಮರ್ತುಬಿಡಿ. ನಿಮ್ಮ ಕ್ಲಾಸು ನಿಮ್ದೇ" ಎಂದು ಹೋದರು. ಅವಳು ತನ್ನ ಮೈಕ್ ಮ್ಯೂಟ್ ಮಾಡಿದಳು. ಸ್ಪೀಕರಿನಲ್ಲಿ ಅವನ ದನಿ ಬಂತು. "ಪಾಠ ಚೆನ್ನಾಗಿತ್ತು, ಮೇಡಂ. ಬ್ರೇಕ್‌ಔಟ್ ರೂಮ್ ನಿಮಗೆ... ತುಂಬಾನೇ ಚೆನ್ನಾಗಿ ಬರುತ್ತೆ." ಕುರ್ಚಿ ಸರಿದ ಸದ್ದು. ಮರುಕ್ಷಣ ಅವನೇ ಬಾಗಿಲಲ್ಲಿ ನಿಂತಿದ್ದ.

"ನಿನ್ನೆ ಸಂಜೆ ಬಟನ್ ಎಲ್ಲಿದೆ ಅಂತ ಕೇಳಿದ್ರಿ."

"ನಿನ್ನೆ ಸಂಜೆ ನಿಮಗೆ ನೆಟ್‌ವರ್ಕ್ ಪ್ರಾಬ್ಲಂ ಇತ್ತು."

ಅವನು ಕನ್ನಡಕ ತೆಗೆದ. ಒರೆಸಿದ. ಒರೆಸುತ್ತಲೇ ಇದ್ದ.

"ಯಾಕೆ ಸರ್ ಅಡಗಿಸಿಟ್ರಿ? ಒಂದು ನಗು ತಾನೇ?"

"ನಕ್ಕುಬಿಟ್ರೆ ನಿಮ್ಮ ಗುರಿ ಮುಗಿದುಹೋಗ್ತಿತ್ತಲ್ಲ." ಅವನ ದನಿ ತಗ್ಗಿತು. "ಆಮೇಲೆ ನೀವು ನನ್ನ ಹತ್ರ ಜೋಕ್ ಯಾಕೆ ಮಾಡ್ತಿದ್ರಿ?"

ಅಯ್ಯೋ ದೇವರೇ! ಇಬ್ಬರದೂ ಒಂದೇ ಕಳ್ಳತನ.

ಅವನು ಇನ್ನೇನೋ ಹೇಳಿದ, ತುಟಿಯಲ್ಲೇ.

"ಏನಂದ್ರಿ? ಕೇಳಿಸ್ಲಿಲ್ಲ."

"ಕೇಳಿಸೋಕೆ ಅಂತ ಹೇಳಿದ್ದಲ್ಲ ಮೇಡಂ. ಕೇಳ್ತಾ ಇದೀನಿ."

"ಏನನ್ನ?"

"ಏನನ್ನ ಅಲ್ಲ, ಯಾರನ್ನ ಅನ್ನಿ." ಈಗ ಅವನು ಅವಳನ್ನು ನೇರ ನೋಡಿದ. "ನಿಮ್ಮ ಮನೆಯವರನ್ನ ಆಮೇಲೆ ಬಂದು ಕೇಳ್ತೀನಿ. ಮೊದಲು ನಿಮ್ಮನ್ನೇ ಕೇಳ್ತಾ ಇದೀನಿ."

ಕಿಟಕಿಯ ಬೆಳಕು ಅವನ ಕನ್ನಡಕವಿಲ್ಲದ ಕಣ್ಣಲ್ಲಿತ್ತು. ಅವಳು ಕುರ್ಚಿಯಿಂದ ಎದ್ದು ನಿಂತಳು.

"ಗಡುವು ಹೇಳಿಲ್ಲ ನೀವು. ಯಾವತ್ತಿನೊಳಗೆ ಉತ್ತರ ಕೊಡ್ಬೇಕು?"

ಅವನು ಬಾಯಿ ತೆರೆಯುವ ಮೊದಲೇ ಅವಳ ಲ್ಯಾಪ್‌ಟಾಪ್ ಟಿಂಗ್ ಅಂದಿತು. ಮತ್ತೆ ಟಿಂಗ್. ಟಿಂಗ್ ಟಿಂಗ್ ಟಿಂಗ್. ಚಾಟ್‌ನಲ್ಲಿ ಮಕ್ಕಳು.

"ಮೇಡಂ, ಮೀಟಿಂಗ್ ಇನ್ನೂ ಮುಗಿಸಿಲ್ಲ ನೀವು."

"ಪಕ್ಕದ ರೂಮಿನ ಸರ್ ಮೈಕ್ ಆನ್ ಆಗೇ ಇದೆ."

"ಗೋಡೆ ತುಂಬಾ ತೆಳು, ಮೇಡಂ."

ಕೊನೆಗೆ, ವರ್ಷವಿಡೀ ಮಾತಾಡದ ಪುಟ್ಟಿಯ ಸಾಲು: "ಹೂಂ ಅನ್ನಿ ಮೇಡಂ. ಇಲ್ಲಾಂದ್ರೆ ನಾವು ಹಾಡ್ತೀವಿ."

ಊರಿಗೆಲ್ಲ ಮ್ಯೂಟ್ ಕಲಿಸಿದ ಲಿಂಕ್ ಸರ್ ತನ್ನ ಮೈಕನ್ನೇ ಮರೆತಿದ್ದ! ಅವನು ಓದಿದ, ಅವಳನ್ನು ನೋಡಿದ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದ. ಆಫ್ ಮಾಡಲು ಈ ಸಲ ಯಾವ ಕ್ಯಾಮೆರಾವೂ ಇರಲಿಲ್ಲ. ಅವಳು ಆ ನಗುವನ್ನು ಕಣ್ತುಂಬ ನೋಡಿದಳು. ಗಡುವಿನೊಳಗೇ.

ಆಮೇಲೆ ಮೈಕ್ ಆನ್ ಮಾಡಿದಳು.

"ಹೂಂ" ಅಂದಳು. "ಎಲ್ಲರಿಗೂ ಕೇಳಿಸ್ತಾ?"

ಕಪ್ಪು ಚೌಕಗಳು ಒಂದೊಂದಾಗಿ ಬೆಳಗತೊಡಗಿದವು.