ಅಂಗಿಯ ತೋಳಿನಲ್ಲಿ ಕಂಡವಳು

“ಅಲ್ಲಾಡಬೇಡ!”

ಬೆನ್ನ ಹಿಂದಿನಿಂದ ಬಂದ ಗಂಡುದನಿಗೆ ನೆವೆಂಕಾಳ ಎದೆ ಧಸಕ್ಕೆಂದಿತು.

ಅವಳ ಬಲಗೈ ಹಿಟ್ಟಿನ ಚೀಲದೊಳಗೆ ಮೊಣಕೈವರೆಗೂ ಇಳಿದಿತ್ತು. ಎಡಗೈಯಲ್ಲಿ ಸತ್ತ ತಾತನ ಹಣ್ಣಿನ ಸಾರಾಯಿ, ರಾಕಿಯಾದ ಹೂಜಿ. ಉಗ್ರಾಣದ ತುಂಬ ಅವಳೇ ಎರಚಿದ ಹಿಟ್ಟು, ಅವಳೇ ಉರುಳಿಸಿದ ಪಾತ್ರೆಗಳು.

ಮೆಲ್ಲಗೆ ತಿರುಗಿದಳು. ಬಾಗಿಲಲ್ಲಿ ಎತ್ತರದ ಯುವಕನೊಬ್ಬ ನಿಂತಿದ್ದ. ಹೆಗಲ ಮೇಲೆ ಮುಳ್ಳುಮರದ ಗೂಟ, ತಲೆಗೆ ಕುರಿಚರ್ಮದ ಟೋಪಿ. ಆ ಬೂದುಗಣ್ಣುಗಳಂತೂ...

‘ಅಯ್ಯೋ ದೇವರೇ, ಸಿಕ್ಕಿಬಿದ್ದೆ! ಅದೂ ಇಷ್ಟು ಚೆಂದದವನ ಕೈಗೇ ಸಿಕ್ಕಿಬೀಳಬೇಕಿತ್ತಾ?’

“ಯಾ... ಯಾರು ನೀನು?”

“ಗವ್ರಿಲ್. ರಕ್ತಪಿಶಾಚಿ ಹಿಡಿಯೋಕೆ ನಿಮ್ಮಪ್ಪ ಕರೆಸಿದ್ದಾರೆ.” ಅವನು ಹೂಜಿ ನೋಡಿದ, ಬಿಳಿಯ ಮೊಣಕೈ ನೋಡಿದ. “ತುಂಬಾ ಕಾಟ ಕೊಡ್ತಿದೆಯಂತೆ?”

“ಹೂಂ... ತುಂಬಾ.”

“ಹಿಟ್ಟು ಚೆಲ್ಲುತ್ತಂತೆ?”

“ಚೆಲ್ಲುತ್ತೆ.”

“ನಿನ್ನ ಮೂಗಿಗೂ ಬಳಿಯುತ್ತಾ?”

ನೆವೆಂಕಾ ಗಡಿಬಿಡಿಯಲ್ಲಿ ಮೂಗು ಒರೆಸಿಕೊಂಡಳು. ಕೆನ್ನೆಯೂ ಬಿಳಿಯಾಯಿತು.

ಅಷ್ಟರಲ್ಲಿ ಅಂಗಳದಿಂದ ಸೋದರತ್ತೆ ಸ್ತಾನಾಳ ಕೂಗು ಕೇಳಿಸಿತು. “ಯಾರೇ ಅದು ಒಳಗೆ? ಯಾರ ಜೊತೆ ಮಾತಾಡ್ತಿದ್ದೀಯೇ?”

ಇನ್ನೇನು, ಮುಗಿಯಿತು ಕಥೆ! ನೆವೆಂಕಾ ಕಣ್ಣು ಮುಚ್ಚಿಕೊಂಡಳು.

ಗವ್ರಿಲ್ ಸರಕ್ಕನೆ ಅಂಗಿಯಿಂದ ಒಂದು ಕೈ ಎಳೆದುಕೊಂಡು, ಖಾಲಿ ತೋಳನ್ನು ಕಣ್ಣಿಗೆ ಹಿಡಿದು ಅಬ್ಬರಿಸಿದ. “ಹಿಂದೆ ಸರೀರಿ ತಾಯಿ! ಈಗಷ್ಟೇ ಇಲ್ಲಿತ್ತು! ಪಾಪ, ಈ ಹುಡುಗಿ ಮೇಲೆ ಹಿಟ್ಟೆರಚಿ ಕಿಟಕಿಯಿಂದ ಹಾರಿಹೋಯ್ತು!”

ಸ್ತಾನಾ ಕಿರುಚಿ, ಕೊರಳಲ್ಲಿದ್ದ ಬೆಳ್ಳುಳ್ಳಿ ಸರವನ್ನು ಕಿತ್ತು ಕಿಟಕಿಯ ಕಡೆ ಎಸೆದಳು. ಅದು ನೇರವಾಗಿ ಕಿಟಕಿಯಾಚೆ ಮೇಯುತ್ತಿದ್ದ ಮೇಕೆಯ ಬಾಯಿಗೆ ಹೋಯಿತು.

‘ಇವನು ನನ್ನನ್ನು ಉಳಿಸಿದನಾ? ಇಲ್ಲಾ, ನಿಜವಾಗಿಯೂ ಏನೋ ಕಂಡಿತಾ?’

ನೆವೆಂಕಾ ಹೂಜಿಯನ್ನು ಬೆನ್ನ ಹಿಂದೆ ಅಡಗಿಸಿದಳು.

ನಡೆದದ್ದು ಇಷ್ಟು. ನದಿಯಾಚೆ ನೀರಿನ ಗಿರಣಿ ಇಟ್ಟಿರುವ ಪ್ರೊಡಾನನಿಗೆ ನೆವೆಂಕಾಳನ್ನು ಕೊಡುತ್ತೇನೆಂದು ಅವಳಪ್ಪ ಜಿವೊಯಿನ್ ಮಾತು ಕೊಟ್ಟಿದ್ದ. ಪ್ರೊಡಾನ್ ಆಗಲೇ ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು. ಅವನ ಕಪ್ಪು ಕುದುರೆಗೂ ಚಾಟಿಯೇ ಮಾತು. ಧೈರ್ಯ ಮಾತ್ರ ಸೊನ್ನೆ, ಪಿಶಾಚಿ ಎಂದರೆ ಪಂಚಪ್ರಾಣಗಳೂ ಹಾರಿಹೋಗುತ್ತಿದ್ದವು!

ಇದು ಗೊತ್ತಿದ್ದ ನೆವೆಂಕಾ ಉಪಾಯ ಹೂಡಿದಳು. ತಾತ ವುಕಾಶಿನ್ ತೀರಿಕೊಂಡಾಗ ಸ್ತಾನಾಳ ಬೆಕ್ಕು ಹೆಣ ದಾಟಿತ್ತು. ಬೆಕ್ಕು ದಾಟಿದ ಹೆಣ ಪಿಶಾಚಿಯಾಗುತ್ತದೆ ಎಂದು ನಮ್ಮ ಕಡೆ ಮೊಲೆಹಾಲು ಕುಡಿಯುವ ಕೂಸಿಗೂ ಗೊತ್ತು. ಒಂದೆರಡು ಪಾತ್ರೆ ಉರುಳಿತು, ಹೂಜಿಯಲ್ಲಿ ರಾಕಿಯಾ ಇಳಿಯಿತು, ಊರೆಲ್ಲ ಗುಲ್ಲೆದ್ದಿತು. ಮದುವೆಗೆಂದು ಈ ದಡಕ್ಕೆ ಬಂದಾಗ ಪಿಶಾಚಿ ತನ್ನ ಮೇಲೇ ಎರಗಿದರೆ? ಪ್ರೊಡಾನ್ ಮದುವೆ ಮುಂದೂಡಿದ.

ಅದಕ್ಕೆಂದೇ ಈಗ ಗವ್ರಿಲ್ ಬಂದಿದ್ದ. ರಕ್ತಪಿಶಾಚಿಯ ಮಗನಿಗೆ ಮಾತ್ರ ರಕ್ತಪಿಶಾಚಿ ಕಾಣುವುದು, ಅದೂ ಅಂಗಿಯ ಖಾಲಿ ತೋಳಿನೊಳಗಿಂದ ನೋಡಿದರೆ. ಇವನು ಅಪ್ಪ ಸತ್ತು ಎರಡು ವರ್ಷಕ್ಕೆ ಹುಟ್ಟಿದವನು. ಅಂದಮೇಲೆ ಅಪ್ಪ ಗೋರಿಯಿಂದ ಎದ್ದು ಬರುತ್ತಿದ್ದ ಎಂದೇ ತಾನೇ ಅರ್ಥ? ಬೇರೆ ಅರ್ಥವನ್ನು ಮರ್ಯಾದಸ್ಥರು ಹುಡುಕುವುದಿಲ್ಲ.

“ಶನಿವಾರ ಪಿಶಾಚಿ ಗೋರಿ ಬಿಟ್ಟು ಏಳಲ್ಲ,” ಎಂದ ಪ್ರೊಡಾನ್, ಕೊರಳ ತುಂಬ ಬೆಳ್ಳುಳ್ಳಿ ಹೇರಿಕೊಂಡು ಅಂಗಳದಲ್ಲಿ ಕೂತು. “ನಾಳೆ ಬೆಳಿಗ್ಗೆ ಮುದುಕನ ಗೋರಿ ಅಗೆದು ಎದೆಗೆ ಗೂಟ ಹೊಡೆಸಿ. ನಾಡಿದ್ದು ಚರ್ಚಿನಲ್ಲಿ ಮದುವೆ!”

ಬಾಗಿಲ ಮರೆಯಲ್ಲಿ ಕೇಳುತ್ತಿದ್ದ ನೆವೆಂಕಾ ಬೆಚ್ಚಿಬಿದ್ದಳು. ತಾತನ ಎದೆಗೆ ಗೂಟವೇ? ಅಮ್ಮ ಸತ್ತಮೇಲೆ ತನ್ನನ್ನು ಅವುಚಿಕೊಂಡು ಮಲಗಿಸಿದ ಎದೆ ಅದು...

‘ನಾನಿದೇನು ಮಾಡಿಬಿಟ್ಟೆ ತಾತಾ!’

ಮಧ್ಯಾಹ್ನ ಪ್ಲಮ್ ಮರದ ಕೆಳಗೆ ಗವ್ರಿಲ್ ಗೂಟ ಚೂಪು ಮಾಡುತ್ತಿದ್ದ. ನೆವೆಂಕಾ ಓಡಿಬಂದು ಎದುರಿಗೆ ನಿಂತಳು.

“ಪಿಶಾಚಿ ಇಲ್ಲ! ಎಲ್ಲಾ ನಾನೇ ಮಾಡಿದ್ದು!”

“ಗೊತ್ತು. ನಿನ್ನ ಮೂಗೇ ಹೇಳ್ತು.” ಅವನು ನಕ್ಕ. “ರಾಕಿಯಾನೂ ನೀನೇ ಕುಡೀತಿದ್ದೆಯಾ?”

“ಥೂ! ಗಿಡಕ್ಕೆ ಸುರೀತಿದ್ದೆ!”

“ಅದಕ್ಕೇ ಆ ಗುಲಾಬಿ ಓಲಾಡ್ತಿದೆ.”

“ನನಗೆ ಪ್ರಾಣಸಂಕಟ, ನಿನಗೆ ಚೆಲ್ಲಾಟ!” ಅವಳ ಕಣ್ಣು ತುಂಬಿತು. “ನೋಡು... ಪ್ರೊಡಾನನ್ನ ಬೇಕಾದ್ರೆ ಕಟ್ಕೋತೀನಿ. ಆದ್ರೆ ನಮ್ಮ ತಾತನ್ನ ಮುಟ್ಟಬೇಡ. ನಿನಗೆ ಕೈ ಮುಗೀತೀನಿ!”

ಗವ್ರಿಲನ ಕತ್ತಿ ನಿಂತಿತು. ಸತ್ತವನೊಬ್ಬನಿಗಾಗಿ ಬದುಕನ್ನೇ ಬಿಟ್ಟುಕೊಡುತ್ತಾಳಲ್ಲ!

“ನಾಳೆ ನನ್ನ ಕೆಲಸ ನಾನು ಮಾಡಲೇಬೇಕು, ನೆವೆಂಕಾ.”

“ಕೆಲಸವಂತೆ, ಕೆಲಸ! ನಿನಗೆ ಪಿಶಾಚಿನೂ ಕಾಣಲ್ಲ, ಮಣ್ಣೂ ಕಾಣಲ್ಲ, ಸುಳ್ಳ!”

ಅವನ ಮುಖ ಬಿಳಿಚಿಕೊಂಡಿತು. “ಆ ಮಾತು ಇನ್ಯಾರ ಮುಂದೆಯೂ ಆಡಬೇಡ.”

‘ಬೆದರಿಸ್ತಾನೆ! ಇಂಥವನನ್ನ ಚೆಂದ ಅಂದ್ಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!’ ಅಳುತ್ತಲೇ ಅವಳು ಮನೆಯೊಳಗೆ ಓಡಿದಳು.

ಶನಿವಾರ ಬೆಳಿಗ್ಗೆ ಊರಿಗೆ ಊರೇ ಗೋರಿಗಳ ನಡುವೆ ನೆರೆಯಿತು. ಕೆಲವರು ಬುತ್ತಿಯನ್ನೂ ತಂದಿದ್ದರು. ಗುದ್ದಲಿ ಮೇಲೇಳುತ್ತಲೇ ನೆವೆಂಕಾ ತಾತನ ಗೋರಿಯ ಮೇಲೆ ಬಿದ್ದು ಹುಲ್ಲನ್ನು ತಬ್ಬಿಕೊಂಡಳು.

“ಅಗೀಬೇಡಿ! ಅಪ್ಪಾ, ಕೇಳು... ಪಾತ್ರೆ ಉರುಳಿಸಿದ್ದು...”

“ಶ್!” ಗವ್ರಿಲ್ ನಡುವೆ ಬಂದ. “ಗೂಟಕ್ಕೆ ಮೊದಲು ಕುದುರೆ ಪರೀಕ್ಷೆ ಆಗಲಿ. ಕಪ್ಪು ಕುದುರೆ ಯಾರ ಹತ್ತಿರ ಇದೆ?”

ಹಿರಿಯರು ತಲೆದೂಗಿದರು. ಪಿಶಾಚಿ ಮಲಗಿದ ಗೋರಿಯನ್ನು ಕಪ್ಪು ಕುದುರೆ ತುಳಿಯುವುದಿಲ್ಲ ಎಂಬುದು ಹಳೆಯ ಮಾತು. ಊರಿಗೆಲ್ಲ ಇದ್ದದ್ದು ಪ್ರೊಡಾನನ ಕಪ್ಪು ಕುದುರೆ ಒಂದೇ.

ಗವ್ರಿಲ್ ಅದರ ಕಿವಿ ತುರಿಸುತ್ತ ಕರೆತಂದ. ತಾತ ಬದುಕಿದ್ದಾಗ ಈ ಕುದುರೆ ಸೇತುವೆ ದಾಟಿ ಬಂದು ಅವನ ಜೇಬಿನಿಂದ ಹಣ್ಣು ತಿನ್ನುತ್ತಿತ್ತು. ಈಗ ಗೋರಿಯ ಮೇಲೆ ನಾಲ್ಕೂ ಕಾಲೂರಿ ನಿಂತು, ಪಕ್ಕಕ್ಕೆ ಸರಿದಿದ್ದ ನೆವೆಂಕಾಳ ಕೂದಲನ್ನು ಮೂಸಿ, ಹುಲ್ಲು ಮೇಯತೊಡಗಿತು.

“ನಮ್ಮಪ್ಪ ಪಿಶಾಚಿ ಅಲ್ಲ!” ಜಿವೊಯಿನ್ ಎಲ್ಲರೆದುರೇ ಗೊಳೋ ಎಂದು ಅತ್ತ. ನೆವೆಂಕಾಳಿಗೆ ಹೋದ ಜೀವ ಬಂದಂತಾಯಿತು.

“ಹಾಗಾದ್ರೆ ಹಿಟ್ಟು ಚೆಲ್ಲಿದ್ದು ಯಾರು?” ಪ್ರೊಡಾನ್ ಚಾಟಿ ಬೀಸುತ್ತ ಬಂದ. “ಏಯ್ ಕತ್ತೆ ಕುದುರೆ, ಇಲ್ಲಿ ಬಾ!”

ಚಾಟಿ ಕಂಡದ್ದೇ ತಡ, ಕುದುರೆ ಕಣ್ಣು ಹೊರಳಿಸಿ ಹಿಂದಕ್ಕೆ ಜಿಗಿಯಿತು. ಎಷ್ಟು ಎಳೆದರೂ ಅವನ ಕಡೆ ಒಂದು ಹೆಜ್ಜೆ ಇಡಲಿಲ್ಲ.

“ಅಯ್ಯಯ್ಯೋ! ಪಿಶಾಚಿ ಇವನ ಮೇಲಿದೆ!” ಎಂದು ಮೊದಲು ಕಿರುಚಿದ್ದು ಸ್ತಾನಾ.

ಗವ್ರಿಲ್ ಅಂಗಿಯ ತೋಳನ್ನು ಕಣ್ಣಿಗೆ ಹಿಡಿದ. “ಹೌದು! ಹೆಗಲ ಮೇಲೇ ಕೂತಿದೆ! ಗೋರಿ ಇಲ್ಲದ ಪಿಶಾಚಿಗೆ ಶನಿವಾರವೂ ಇಲ್ಲ! ಪ್ರೊಡಾನಣ್ಣ, ಉಸಿರಾಡಬೇಡ!”

ಆಮೇಲೆ ನಡೆದ ಕುಸ್ತಿಯನ್ನು ಈಗಲೂ ಮದುವೆ ಮನೆಗಳಲ್ಲಿ ಹೇಳಿ ನಗುತ್ತಾರೆ. ಗವ್ರಿಲ್ ಯಾರಿಗೂ ಕಾಣದ ಪಿಶಾಚಿಗೆ ಗುದ್ದಿದ, ಒದ್ದ, ಹಿಡಿದು ಜಗ್ಗಾಡಿದ. ಏಟುಗಳೆಲ್ಲ ಹೇಗೋ ಪ್ರೊಡಾನನಿಗೇ ಬಿದ್ದವು.

“ನದಿ ದಾಟು! ಪಿಶಾಚಿ ನೀರು ದಾಟಲ್ಲ! ಆದ್ರೆ ಈ ದಡಕ್ಕೆ ಮತ್ತೆ ಕಾಲಿಟ್ಟೆಯೋ, ಕಾದು ಕೂತಿರುತ್ತೆ!”

ಪ್ರೊಡಾನ್ ಬೆಳ್ಳುಳ್ಳಿ ಉದುರಿಸುತ್ತ, ಸೇತುವೆಯನ್ನೂ ಮರೆತು ಟಿಮೋಕ್ ನದಿಗೇ ಹಾರಿದ. ಆಚೆ ದಡದಿಂದ, “ಮದುವೆನೂ ಬೇಡ, ಕುದುರೆನೂ ಬೇಡ!” ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು.

ಜನ ಚದುರುವಾಗ ಗವ್ರಿಲ್ ಗೂಟ ಹೆಗಲಿಗೇರಿಸಿ ಸುಮ್ಮನೆ ಹೊರಟಿದ್ದ. ನೆವೆಂಕಾ ಸೇತುವೆಯ ಬಳಿ ಏದುಸಿರು ಬಿಡುತ್ತ ಅವನನ್ನು ಹಿಡಿದಳು.

“ಹೇಳದೇ ಹೋಗ್ತೀಯಾ? ನಿನ್ನೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಗೋರಿ ಮೇಲೆ ಅಷ್ಟು ಚೆನ್ನಾಗಿ ಅಳ್ತಿದ್ದೆಯಾ?”

“ಹಾಳಾದವನೇ!” ಅವನ ಎದೆಗೊಂದು ಗುದ್ದು ಬಿತ್ತು. ಆಮೇಲೆ ದನಿ ಇಳಿಯಿತು. “ನಾನು ಸುಳ್ಳ ಅಂದಾಗ... ಯಾಕೆ ಅಷ್ಟು ನೊಂದ್ಕೊಂಡೆ?”

ಗವ್ರಿಲ್ ನೀರು ನೋಡುತ್ತ ನಿಂತ. “ನನಗೆ ಏನೂ ಕಾಣಲ್ಲ, ನೆವೆಂಕಾ. ಯಾವತ್ತೂ ಕಂಡಿಲ್ಲ. ಆದ್ರೆ ಕಾಣಲ್ಲ ಅಂದ ದಿನ ನಾನು ಪಿಶಾಚಿ ಮಗ ಅಲ್ಲ ಅಂತಾಗುತ್ತೆ. ಆಗ ಊರು ನಮ್ಮಮ್ಮನ್ನ ಏನು ಕೇಳುತ್ತೆ, ಹೇಳು?”

ಅಮ್ಮನ ಮಾನ ಕಾಯಲು ಗಾಳಿಯ ಜೊತೆ ಗುದ್ದಾಡುತ್ತ ಬಂದವನಿಗೆ ನಾನು ಎಂಥ ಮಾತು ಅಂದುಬಿಟ್ಟೆ!

“ನಾನು ಯಾರಿಗೂ ಹೇಳಲ್ಲ,” ಎಂದಳು. “ಸಾಯೋವರೆಗೂ.”

“ಸತ್ತ ಮೇಲೆ?”

“ಬೆಕ್ಕು ದಾಟಿದ್ರೆ ನೋಡೋಣ.”

ಇಬ್ಬರೂ ನಕ್ಕರು. ಅವಳೇ ಅವನ ಅಂಗಿಯ ತೋಳು ಹಿಡಿದೆಳೆದು ಅವನ ಕಣ್ಣಿಗಿಟ್ಟಳು. “ನೋಡು. ಈಗಲಾದ್ರೂ ಏನಾದ್ರೂ ಕಾಣುತ್ತಾ?”

“ಕಾಣುತ್ತೆ... ಮೂಗಿನ ಮೇಲೆ ಇನ್ನೂ ಹಿಟ್ಟಿದೆ.” ಅವನು ತೋಳು ಇಳಿಸಿದ. “ನೀನು ನನಗೆ ತುಂಬಾ ಇಷ್ಟ ಕಣೇ. ಆದ್ರೆ ಪಿಶಾಚಿ ಇಲ್ಲದ ಮನೆಯಲ್ಲಿ ನನಗೇನು ಕೆಲಸ?”

“ಇಲ್ಲ ಅಂತ ಯಾರಂದ್ರು?” ನೆವೆಂಕಾ ಅವನ ಹೆಗಲಿನ ಗೂಟ ಇಳಿಸಿ ನದಿಗೆ ಎಸೆದಳು. “ನೀನು ಹೋದ್ರೆ ನಾಳೆನೇ ಮತ್ತೆ ಪಾತ್ರೆ ಉರುಳುತ್ತೆ, ನೋಡ್ತಿರು.”

“ಹಾಗಾದ್ರೆ ಉಳ್ಕೋತೀನಿ,” ಎಂದ ಗವ್ರಿಲ್, ಅವಳ ಮೂಗಿನ ಮೇಲಿಲ್ಲದ ಹಿಟ್ಟು ಒರೆಸುತ್ತ. “ಆದ್ರೆ ನೆಲ ಮಾತ್ರ ನೀನೇ ಗುಡಿಸಬೇಕು.”